ಬಿಸಿಲಿನ ಬಾಡಿಗೆ

ಈಗ ಹೇಳಿಬಿಟ್ಟರೆ ಏನಾದೀತು? ಮುದುಕಿಗೆ ಕೊಟ್ಟ ಮಾತು ಮುರಿದೀತು, ಅಷ್ಟೇ ತಾನೆ? ಅಥವಾ ಅಷ್ಟೇ ಅಲ್ಲವೇ? ಕಟ್ಟಡದ ಮಾಲೀಕ ಅಲ್ಹಾಜಿ ಲಸಿಸಿಯ ತಲೆ ಅರ್ಧ ಬೋಳಾಗಿತ್ತು. ಕ್ಷೌರದ ಮೆಷಿನ್ ಕೈಯಲ್ಲಿ ಹಿಡಿದು ದುರೋಜಾಯೆ ಸುಮ್ಮನೆ ನಿಂತುಬಿಟ್ಟಿದ್ದ.

"ಯಾಕೆ ನಿಲ್ಲಿಸ್ದೆ? ಬ್ಯಾಟರಿ ಸತ್ತೋಯ್ತಾ?" ಎಂದು ಲಸಿಸಿ ಕನ್ನಡಿಯಲ್ಲೇ ಅವನನ್ನು ನೋಡಿ ಕೇಳಿದ.

"ಇಲ್ಲ ಅಲ್ಹಾಜಿ. ನೀವಂದದ್ದು ಸರಿಯಾಗಿ ಕೇಳಿಸ್ಲಿಲ್ಲ."

"ಇನ್ನೊಂದ್ಸಲ ಕೇಳು. ಅಂಗಡಿ ಬಾಡಿಗೆ ಬೇರೆ, ಸೂರಿನ ಬಾಡಿಗೆ ಬೇರೆ. ನಿನ್ನ ಸೋಲಾರ್ ಹಲಗೆ ಕೂತಿರೋ ಸೂರು ಯಾರ್ದು? ನಂದು. ಅದ್ರ ಮೇಲೆ ಬೀಳೋ ಬಿಸಿಲು?"

ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದ ಪಂಕ್ಚರ್ ಅಂಗಡಿಯ ರಾಫಿಯು ಎಂಬವನು ಬಾಯಿ ಹಾಕಿದ. "ಹಾಗಾದ್ರೆ ಮಳೆಗಾಲದಲ್ಲಿ ಸೋರೋ ನೀರೂ ನಿಮ್ದೇ. ಬಕೆಟ್ ತಂದು ತುಂಬ್ಕೊಂಡು ಹೋಗಿ, ಅಲ್ಹಾಜಿ."

"ನೀನು ಸುಮ್ನಿರೋ, ಗಾಳಿ ಮಾರೋನು."

"ಮಾರ್ತೀನಿ. ಆದ್ರೆ ಪಂಪು ನಾನೇ ಹೊಡೀತೀನಲ್ಲ?"

ದುರೋಜಾಯೆಗೆ ನಗು ಬರಲಿಲ್ಲ. ಬಿಸಿಲೇನೋ ಪುಕ್ಕಟೆ, ಅದನ್ನು ಸಂಜೆಗೆಂದು ಕೂಡಿಡುವುದೇ ದುಬಾರಿ. ಕ್ಷೌರಿಕರ ಚೀಟಿಯ ಹಣವೆಲ್ಲ ಆ ಒಂದು ಬ್ಯಾಟರಿಗೆ ಸುರಿದಿದ್ದ. ಜನರೇಟರಿನ ಪೆಟ್ರೋಲಿಗೆ ಹಾಕುತ್ತಿದ್ದುದು ಉಳಿದು ಉಳಿದು, ಮೂರನೆಯ ವರ್ಷಕ್ಕೆ ಬ್ಯಾಟರಿ ತನ್ನ ಬೆಲೆಯನ್ನು ತಾನೇ ತೀರಿಸಬೇಕಿತ್ತು. ಈ ಹೊಸ ಬಾಡಿಗೆ ಆ ಉಳಿತಾಯವನ್ನು ಬುಡಸಮೇತ ನುಂಗುತ್ತಿತ್ತು. ಇಬಾದಾನ್ ಊರಿನ ಬಿಸಿಲಿಗೂ ಒಬ್ಬ ಮಾಲೀಕ ಹುಟ್ಟಿಕೊಂಡಿದ್ದ.

"ಇಷ್ಟಕ್ಕೂ ನನ್ನ ಕಟ್ಟಡದಲ್ಲಿ ಕರೆಂಟಿಗೇನು ಬರ? ಹಿಂದಿನ ರೂಮಲ್ಲಿ ನಮ್ಮಮ್ಮನ ಫ್ಯಾನ್ ನೋಡು, ಯಾವಾಗ ಬಂದ್ರೂ ತಿರುಗ್ತಿರುತ್ತೆ. ನಾನು ಹಾಕ್ಸಿದ ಲೈನು ಅದು," ಎಂದ ಲಸಿಸಿ.

ಗೋಡೆಯಾಚೆ ಫ್ಯಾನು ಸದ್ದಿಲ್ಲದಷ್ಟು ಮೆಲ್ಲಗೆ ತಿರುಗುತ್ತಿತ್ತು. ಬೀದಿಗೆ ಬೆಳಗಿನಿಂದ ಕರೆಂಟೇ ಇರಲಿಲ್ಲ. ಊರಾಚೆಯ ದೊಡ್ಡ ಮನೆಯಲ್ಲಿದ್ದುಕೊಂಡು ಶುಕ್ರವಾರಕ್ಕೊಮ್ಮೆ ಬಂದು, ಬಾಗಿಲಲ್ಲೇ ನಿಂತು ತಾಯಿಯನ್ನು ಮಾತಾಡಿಸಿ ಹೋಗುವವನಿಗೆ ಅದು ಹೇಗೆ ಗೊತ್ತಾಗಬೇಕು? ಕಳೆದ ಬೇಸಿಗೆಯ ಸೆಕೆಗೆ ಮುದುಕಿ ಉಸಿರಿಗಾಗಿ ಒದ್ದಾಡಿದಾಗ, ತನ್ನ ಬ್ಯಾಟರಿಯಿಂದ ಆ ಕೋಣೆಗೆ ವೈರು ಎಳೆದವನು ದುರೋಜಾಯೆ. "ನನ್ನ ಮಗನಿಗೆ ಹೇಳ್ಬೇಡಪ್ಪ. ಜನರೆದುರು ಅವನ ತಲೆ ತಗ್ಗುತ್ತೆ," ಎಂದು ಮುದುಕಿ ಅವನ ಕೈ ಹಿಡಿದುಕೊಂಡಿದ್ದಳು.

ಆ ತಲೆ ಈಗ ಅವನ ಕೈಕೆಳಗೇ ಇತ್ತು. ಉಳಿದರ್ಧವನ್ನೂ ಬೋಳಿಸಿ, ಕತ್ತಿನ ಕೂದಲು ಒರೆಸಿದ.

"ಸೂರು ನಿಮ್ದೇ ಅಲ್ಹಾಜಿ. ನಾಳೆ ಖಾಲಿ ಮಾಡ್ಕೊಡ್ತೀನಿ."

"ಕೋಪ ಮಾಡ್ಕೊಂಡ್ಯಾ?"

"ನಿಮ್ಮ ಬಿಸಿಲಿನ ಮೇಲೆ ನನಗ್ಯಾಕೆ ಕೋಪ?"

ಸೋಲಾರ್ ಹಲಗೆಗಳು ಸೂರಿನಿಂದಿಳಿದು ಚರಂಡಿಯ ಪಕ್ಕದ ಮರದ ಚೌಕಟ್ಟಿಗೆ ಬಂದವು. ಮಧ್ಯಾಹ್ನವಾದರೆ ಎದುರಿನ ಮಹಡಿಯ ನೆರಳು. ಬ್ಯಾಟರಿ ಅರ್ಧವೂ ತುಂಬದು. ಮೆಷಿನ್ ನಡೆಸಿದರೆ ಮುದುಕಿಯ ಫ್ಯಾನಿಗಿಲ್ಲ, ಫ್ಯಾನು ನಡೆಸಿದರೆ ಮೆಷಿನ್‌ಗಿಲ್ಲ. ಮೂಲೆ ಸೇರಿದ್ದ ಚಿಕ್ಕ ಜನರೇಟರನ್ನು ದುರೋಜಾಯೆ ಮತ್ತೆ ಹೊರಗೆಳೆದ. ಕರೆಂಟು ಹೋದಾಗ ಇದಿದ್ದವನ ಮನೆಯಲ್ಲಿ ಮಾತ್ರ ದೀಪವೆಂದು ಬೀದಿಯವರು ಅದಕ್ಕೆ ಇಟ್ಟಿರುವ ಹೆಸರು 'ಪಕ್ಕದವನಿಗಿಂತ ನಾನೇ ಮೇಲು'. ಅದರ ಗುಡುಗಿನಲ್ಲಿ ರಾಫಿಯುವಿನ ತಮಾಷೆಯೂ ಕೇಳಿಸದಾಯಿತು.

ಮುಂದಿನ ಶುಕ್ರವಾರ ಲಸಿಸಿ ಮೂಗು ಮುಚ್ಚಿಕೊಂಡು ಬಂದ. "ಏನೋ ಇದು ಹೊಗೆ? ಅಮ್ಮನಿಗಿದು ಆಗಲ್ಲ."

"ಗೊತ್ತು. ಅದಕ್ಕೇ ರಸ್ತೆ ಕಡೆ ಇಟ್ಟಿದ್ದೀನಿ."

"ಬ್ಯಾಟರಿ ಇತ್ತಲ್ಲ, ಅದೇನಾಯ್ತು? ಮಾರ್ಕೊಂಡ್ಯಾ?"

"ಇದೆ. ಬೇರೆ ಕೆಲಸಕ್ಕೆ ಹಾಕಿದ್ದೀನಿ," ಎಂದು ದುರೋಜಾಯೆ ಬಟ್ಟೆ ಕೊಡವಿ ಅವನ ಕೊರಳಿಗೆ ಕಟ್ಟಿದ.

ಅದು ಯಾವ ಕೆಲಸ ಎಂದು ಅವನು ಲಸಿಸಿಗೆ ಎಂದೂ ಹೇಳಲಿಲ್ಲ.