ಒಂದು ಗೇಣು ಮಗ್ಗುಲು

"ಈಗ ಎತ್ತ ಹೊರಳಲಿ?"

ಅಮ್ಮ ಕೇಳಿದ್ದು ಯಾರನ್ನೂ ಅಲ್ಲ. ಸೂರು ನೋಡುತ್ತ ಕೇಳಿದಳು. ಎಡಕ್ಕೆ ಕಟ್ಟಡದ ಗೋಡೆ, ಬಲಕ್ಕೆ ಮಗ ಮಾಡಿದ ಗೋಡೆ. ನಡುವೆ ಮಂಚ, ಮಂಚದ ಮೇಲೆ ಸೊಂಟ ಮುರಿದುಕೊಂಡ ಅವಳು.

ಮಗ ಬಡಗಿ. ದೇವರು ಅಂಗೈ ಕೊಟ್ಟದ್ದೇ ಅಳೆಯಲು ಎಂದು ನಂಬಿದವ. ಕಟ್ಟಡದವರಿಗೆಲ್ಲ ಅವನು ಗೇಣಪ್ಪ. ನೆಲವೇ ಉಳಿಯದ ಊರಲ್ಲಿ ಒಂದೇ ಕೋಣೆಯನ್ನು ದಿನಕ್ಕೆ ಎರಡು ಸಲ ಹಂಚುವ ಉಪಾಯ ಅವನದೇ. ಕೆಳಗೆ ಹಳಿ, ಹಳಿಗೆ ಗಾಲಿ, ಗಾಲಿಯ ಮೇಲೆ ಹಲಗೆಯ ಗೋಡೆ. ಬೆಳಿಗ್ಗೆ ಏಳಕ್ಕೆ ಗೋಡೆ ಇತ್ತ ಸರಿದರೆ ಮಗ್ಗುಲಮನೆಯ ದರ್ಜಿಯವಳಿಗೆ ಹೊಲಿಗೆಗೆ ಜಾಗ. ಸಂಜೆ ಏಳಕ್ಕೆ ಅತ್ತ ಸರಿದರೆ ಇವನ ಮನೆಯವರಿಗೆ ಕಾಲು ಚಾಚಲು ಜಾಗ. ಗೋಡೆಯನ್ನು ಸರಿದಲ್ಲೇ ಬಿಗಿಯುವ ಅಗುಳಿಗೆ ನೆಲದಲ್ಲಿ ಎರಡೇ ತೂತು. ಮೂರನೆಯದಿದ್ದರೆ ಜಗಳವಾದೀತೆಂದು ಅವನೇ ಕೊರೆದಿರಲಿಲ್ಲ. ನೋಡಿ ಮೆಚ್ಚಿ ಆರೂ ಅಂತಸ್ತಿನವರು ಅಂಥದನ್ನೇ ಮಾಡಿಸಿಕೊಂಡರು.

ಅಮ್ಮ ಬಿದ್ದು ತಿಂಗಳಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ನರ್ಸು ಹೇಳಿ ಹೋಗಿದ್ದಳು. ಆದರೆ ಹಗಲು ಪೂರ್ತಿ ಅಲ್ಲಿ ಕೈ ತೂರಿಸುವಷ್ಟೂ ಸಂದಿಲ್ಲ. ಆಗಾಗ ಗೋಡೆ ಸರಿಸೋಣವೆಂದರೆ ಅತ್ತ ಕಡೆಯ ಮೇಜು, ಮಷೀನು ಮಡಚಿಡಲೇ ಅರ್ಧ ಗಂಟೆ. ಗೇಣಪ್ಪ ಮಂಚದ ಅಂಚನ್ನು ಎರಡು ಬೆರಳು ಕೆತ್ತಿ ನೋಡಿದ. ಅಮ್ಮನನ್ನು ಕೆತ್ತಲಾಗಲಿಲ್ಲ. ಇವತ್ತು ಬೆನ್ನಿಗಂಟಿದ ಬಟ್ಟೆ ಬಿಡಿಸಿದರೆ ಜೊತೆಗೆ ಚರ್ಮವೂ ಬಂತು.

ಅವನು ಮಗ್ಗುಲಮನೆಯ ಬಾಗಿಲಿಗೆ ಹೋದ.

"ತಂಗೀ, ಹಗಲು ಗೋಡೆ ಒಂದೇ ಒಂದು ಗೇಣು ನಿನ್ನ ಕಡೆ ನಿಲ್ಲಲಿ. ಮೂರನೇ ತೂತು ನಾನೇ ಕೊರೀತೀನಿ."

ದರ್ಜಿಯವಳು ಮಷೀನಿನ ಚಕ್ರ ಹಿಡಿದು ನಿಲ್ಲಿಸಿದಳು. "ಯಾರು, ಗೇಣಪ್ಪಣ್ಣನಾ ಕೇಳ್ತಿರೋದು? ಹೋದ ವರ್ಷ ನಾನು ತುಂಬಿದ ಹೊಟ್ಟೆ ಹೊತ್ಕೊಂಡು ನಾಲ್ಕು ಬೆರಳು ಕೇಳಿದಾಗ ಏನಂದ್ರಿ?"

"ಅಳತೆ ಅಂದ್ರೆ ಅಳತೆ ಅಂದೆ."

"ಹೊಟ್ಟೆ ಒಳಗೆಳ್ಕೋ ಅಂತಾನೂ ಅಂದ್ರಿ. ನಕ್ಕಿದ್ರಿ ಬೇರೆ."

"ತಪ್ಪಾಯ್ತು ತಾಯಿ. ಬೇಕಾದ್ರೆ ಅಮ್ಮನ ಬೆನ್ನು ನೋಡು ಬಾ."

"ನೋಡಿದ್ರೆ ಇಲ್ಲ ಅನ್ನೋಕಾಗಲ್ಲ. ಅದಕ್ಕೇ ಬರಲ್ಲ."

ಅವಳು ಬಗ್ಗಿ ಮೇಜಿನಿಂದ ಇಳಿಬಿದ್ದ ಬಟ್ಟೆ ಸರಿಸಿದಳು. ಮೇಜಿನ ಕೆಳಗೆ ಹಳೇ ಹೊದಿಕೆಯ ಜೋಲಿ, ಜೋಲಿಯಲ್ಲಿ ಕೂಸು. ತೂಗುತ್ತ ಬಂದ ಜೋಲಿ ಗೋಡೆಗೆ ಕೂದಲೆಳೆಯಷ್ಟು ಉಳಿಸಿಕೊಂಡು ಹಿಂದಿರುಗಿತು. ಗೇಣಪ್ಪ ಕೈಯೆತ್ತಿದ, ಅಳೆಯುವುದೇನೂ ಉಳಿದಿರಲಿಲ್ಲ.

ಹಲಗೆಯಾಚೆ ಅಮ್ಮ ನರಳಿದಳು. ಇಬ್ಬರಿಗೂ ಕೇಳಿಸಿತು. ತೆಳುವಾದಷ್ಟೂ ಜಾಗ ಉಳಿಯುತ್ತದೆಂದು ಅವನು ಗೋಡೆಯನ್ನು ಅಷ್ಟು ತೆಳ್ಳಗೆ ಮಾಡಿದ್ದ.

"ಅರ್ಧ ಗೇಣಾದ್ರೂ, ತಂಗೀ..."

ಅವಳು ಜೋಲಿಯನ್ನು ಇನ್ನೊಮ್ಮೆ ತೂಗಿದಳು.

"ಇಲ್ಲಣ್ಣ. ಒಂದು ಬೆರಳೂ ಕೊಡಲ್ಲ."