ಬೆನ್ನಿನೊಳಗಿನ ಹಾಡು

ಗೋಂದಣ್ಣ ಐವತ್ತೊಂಬತ್ತನೆಯ ಪುಸ್ತಕದ ಬೆನ್ನಿಗೆ ಗೋಂದು ಸವರುತ್ತಿದ್ದಾಗ ಒಳಕೋಣೆಯಿಂದ ಚಮಚದ ಸದ್ದು ಕೇಳಿಸಿತು. ಲೋಟಕ್ಕೆ ಎರಡು ಸಲ ಚಮಚ ಬಡಿದರೆ 'ಬನ್ನಿ' ಎಂದರ್ಥ. ಮೂರು ಸಲ ಬಡಿದರೆ 'ಬೇಗ ಬನ್ನಿ'. ಎರಡೇ ಸಲ ಬಡಿದಿತ್ತು. ಆದರೂ ಅವನು ಬ್ರಷ್ಷನ್ನು ಅಲ್ಲೇ ಬಿಟ್ಟು ಓಡಿದ.

ಅವನ ಹೆಸರು ಅದಲ್ಲ. ಬೈಂಡಿಂಗ್ ಕೆಲಸದವನ ಬೆರಳು ಸದಾ ಅಂಟಂಟು. ಕೈಕುಲುಕಿದವರೆಲ್ಲ ಸೇರಿ ಇಟ್ಟ ಹೆಸರು ಅದು. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಯಲ್ಲಿ ಸಂಸಾರ. ನಡುವಿನ ಪರದೆಯನ್ನು ಆರು ತಿಂಗಳಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದ, ಹೆಂಡತಿ ಮಲಗಿದಲ್ಲಿಂದಲೇ ತನ್ನನ್ನು ನೋಡಲಿ ಎಂದು.

ಚರ್ಚಿನ ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳೇ ಅವಳು. ಕಾಯಿಲೆ ಮೊದಲು ಹಿಡಿದದ್ದು ನಾಲಗೆಯನ್ನು, ಆಮೇಲೆ ಗಂಟಲನ್ನು. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, "ಇದಕ್ಕೆ ಔಷಧಿ ಅಂತ ಇಲ್ಲ. ಹತ್ರ ಇರಿ, ಅಷ್ಟೇ" ಎಂದಿದ್ದರು. ಹತ್ತಿರ ಇರುವುದನ್ನು ಬಿಟ್ಟರೆ ಗೋಂದಣ್ಣನಿಗೆ ಏನೂ ತೋಚುತ್ತಿರಲಿಲ್ಲ. ಅರೆದು ನೀರಾಗಿಸಿದ ಊಟವನ್ನು ಅರ್ಧರ್ಧ ಚಮಚ ತಿನ್ನಿಸುತ್ತಿದ್ದ. ಅವಳು ನುಂಗುವಾಗ ತಾನೂ ನುಂಗುತ್ತಿದ್ದ. ಅವಳು ಕೆಮ್ಮಿದರೆ ಅವನ ಜೀವವೇ ಹಾರುತ್ತಿತ್ತು.

ಮಾತು ಹೋದಮೇಲೆ ಅವಳು ಬರೆಯತೊಡಗಿದ್ದಳು. ಪುಸ್ತಕದ ಅಂಚು ಕತ್ತರಿಸಿದಾಗ ಉದುರುವ ಉದ್ದುದ್ದ ಕಾಗದದ ಪಟ್ಟಿಗಳೇ ಅವಳ ನಾಲಗೆ. ಇವತ್ತು ಪಟ್ಟಿಯ ಮೇಲೆ ಹೀಗಿತ್ತು: "ಎಲೆ ಉದುರುವ ಕಾಲದ ಐದನೇ ಹಾಡು ಓದಿ. ಮೊದಲ ಸಾಲು ಬಿಟ್ಟು ಬೇರೆ ಜ್ಞಾಪಕಕ್ಕೆ ಬರ್ತಿಲ್ಲ. ನಿನ್ನೆಯಿಂದ ತಲೆ ತಿಂತಿದೆ."

ಗೋಂದಣ್ಣ ಪಟ್ಟಿಯನ್ನು ಎರಡು ಸಲ ಓದಿದ.

ಸಭೆಯ ಹಾಡಿನ ಪುಸ್ತಕ ಬಹಳ ಹಳೆಯದು. ಎಂದೋ ಯಾರೋ ಒಬ್ಬ ಪಾದ್ರಿ ಹಾಡುಗಳನ್ನು ಆತ್ಮದ ಕಾಲಗಳಂತೆ ಜೋಡಿಸಿದ್ದರು: ಚಿಗುರುವ ಕಾಲ, ಹೂಬಿಡುವ ಕಾಲ, ಫಲ ಕೊಡುವ ಕಾಲ, ಎಲೆ ಉದುರುವ ಕಾಲ. ಅಚ್ಚು ಹಾಕಿದ ಪ್ರೆಸ್ಸು ಮುಚ್ಚಿ ಯಾವ ಕಾಲವೋ ಆಗಿತ್ತು. ಉಳಿದದ್ದು ಅರವತ್ತೇ ಪ್ರತಿ. ಈ ವರ್ಷ, ದೇವರ ಉಪಕಾರಗಳನ್ನು ನೆನೆದು ಕೊಂಡಾಡುವ ಸ್ತೋತ್ರದ ಭಾನುವಾರಕ್ಕೆ ಅವನ್ನೆಲ್ಲ ಹೊಸದಾಗಿ ಬೈಂಡ್ ಮಾಡಿಸೋಣ ಎಂದು ಹಿರಿಯರು ತೀರ್ಮಾನಿಸಿದರು. ನಿವೃತ್ತ ಹೆಡ್‌ಮಾಸ್ಟರು ಮನೆಮನೆಯಿಂದ ಪ್ರತಿಗಳನ್ನು ಸೇರಿಸಿ ತಂದುಕೊಟ್ಟು, "ಕೊನೇ ಭಾಗ ಕಿತ್ತುಬಿಡು. ಬರೀ ಅಳು. ಹೊಸಬರು ಬಂದು ಪುಸ್ತಕ ತೆರೆದ್ರೆ ಇದೇನು ಸಾವಿನ ಮನೆಯಾ ಅಂದ್ಕೋಬಾರದು" ಎಂದರು. ಗೋಂದಣ್ಣ ಎದುರಾಡಲಿಲ್ಲ. ಎದುರಾಡುವ ತ್ರಾಣವೂ ಇರಲಿಲ್ಲ.

ಕಿತ್ತ ಕಂತೆಗಳನ್ನು ರದ್ದಿಗೆ ಹಾಕಲು ಮಾತ್ರ ಮನಸ್ಸು ಬರಲಿಲ್ಲ. ದೇವರ ಹಾಡು ಪೊಟ್ಟಣ ಕಟ್ಟಲು ಹೋಗುವುದು ಬೇಡ ಅನ್ನಿಸಿತು. ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಬೈಂಡಿಂಗ್‌ನವರು ಒಳಗಡೆ ಹಳೆಯ ಕಾಗದದ ಪಟ್ಟಿಗಳನ್ನು ಅಂಟಿಸುತ್ತಾರೆ. ಮೇಲೆ ರಟ್ಟು ಬಂದಮೇಲೆ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಆ ಪುಟಗಳನ್ನೇ ಉದ್ದುದ್ದಕ್ಕೆ ಸೀಳಿ, ಪುಟಕ್ಕೆ ಮೂರು ಪಟ್ಟಿ ಮಾಡಿ, ಬೆನ್ನುಗಳಿಗೆ ಅಂಟಿಸಿದ್ದ. ಹಾಡು ಪುಸ್ತಕದಲ್ಲೇ ಉಳಿಯಿತಲ್ಲ ಎಂದು ಸಮಾಧಾನವನ್ನೂ ಪಟ್ಟುಕೊಂಡಿದ್ದ.

ಈಗ ಹೆಂಡತಿ ಆ ಹಾಡು ಕೇಳುತ್ತಿದ್ದಾಳೆ. ತಿಂಗಳುಗಟ್ಟಲೆ ಅವಳಿಗಾಗಿ ಏನೂ ಮಾಡಲಾಗದೆ ಕೈಕೈ ಹಿಸುಕಿಕೊಂಡವನಿಗೆ ಮಾಡಬಹುದಾದ ಒಂದೇ ಒಂದು ಕೆಲಸ ಸಿಕ್ಕಿತ್ತು. ಅದನ್ನೂ ಅವನ ಕತ್ತಿಯೇ ಸೀಳಿಹಾಕಿತ್ತು.

"ಒಂದು ಗಳಿಗೆ ಇರು, ಹುಡುಕ್ತೀನಿ" ಎಂದ.

ಅವಳು ಅವನ ಮುಖ ನೋಡಿ ಇನ್ನೊಂದು ಪಟ್ಟಿ ಎಳೆದುಕೊಂಡಳು. "ಏನ್ರೀ, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಥರ ನಿಂತಿದ್ದೀರಿ?"

ಅವನು ಎಲ್ಲವನ್ನೂ ಹೇಳಿಬಿಟ್ಟ. ಅವಳು ಇನ್ನೊಂದು ಪಟ್ಟಿ ಕೈಗೆತ್ತಿಕೊಂಡಳು. ಬೈಯಬಹುದಿತ್ತು, ಬೈಯಲಿಲ್ಲ. ನಿಧಾನವಾಗಿ ಬರೆದಳು: "ನಮ್ಮ ಸಭೆಯ ಹೊಲಿಗೆ ಅಕ್ಕನ ಮಗು ತೀರಿಕೊಂಡಾಗ ಈ ಹಾಡು ಹಾಡಿ ಅಂತ ಕೇಳಿದ್ಲು. ಅಳೋ ಹಾಡು ಬೇಡ ಅಂತ ಸ್ತೋತ್ರದ ಹಾಡು ಎತ್ತಿಕೊಟ್ಟೆ. ಅವಳಿಂದಲೂ ಹಾಡಿಸಿದೆ. ನಾನೂ ಕಿತ್ತವಳೇ ಬಿಡಿ."

ಗೋಂದಣ್ಣ ಹೊರಗೆ ಬಂದು ಅಂಟಿಸದೆ ಉಳಿದಿದ್ದ ಪಟ್ಟಿಗಳನ್ನು ಜಾಲಾಡಿದ. ಅವುಗಳಲ್ಲಿ ಆ ಹಾಡು ಇರಲಿಲ್ಲ. ಒಣಗಿದ ಪುಸ್ತಕವೊಂದನ್ನು ಕೈಗೆತ್ತಿಕೊಂಡ. ನಾಲ್ಕು ದಿನದ ದುಡಿಮೆ. ಮಧ್ಯಾಹ್ನಕ್ಕೆ ಹೆಡ್‌ಮಾಸ್ಟರು ವ್ಯಾನು ತರುತ್ತಾರೆ, ನಾಳೆಯೇ ಸ್ತೋತ್ರದ ಭಾನುವಾರ. ಅವನು ಕಣ್ಣು ಮುಚ್ಚಿ ರಟ್ಟನ್ನು ಹಿಡಿದು ಹಿಂದಕ್ಕೆ ಎಳೆದ. ಬೆನ್ನಿನ ಹೊಸ ಬಟ್ಟೆ ಹರಿದ ಸದ್ದು ಬಂತು. ಒದ್ದೆ ಸ್ಪಂಜು ಒತ್ತಿ, ಕಾದು, ಚಪ್ಪಟೆ ಚಾಕುವಿನಿಂದ ಪಟ್ಟಿಯನ್ನು ಎಬ್ಬಿಸಿದ. ಬೇರೆ ಹಾಡು. ಇನ್ನೊಂದು ಪುಸ್ತಕ. ಅದೂ ಬೇರೆ. ಆರನೆಯದರಲ್ಲಿ ಎಡಗಡೆಯ ಪಟ್ಟಿ ಸಿಕ್ಕಿತು, ಒಂಬತ್ತನೆಯದರಲ್ಲಿ ನಡುವಿನದು. ಹನ್ನೊಂದನೆಯದನ್ನು ಬಿಚ್ಚಿ ಮೂರನ್ನೂ ಗಾಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ಹಾಡು ಕಾಣಿಸಿಕೊಂಡಿತು:

ಕರ್ತನೇ, ನನ್ನ ಕೊಂಬೆಯ ಎಲೆಗಳೆಲ್ಲ ಉದುರಿದವು,
ಹಕ್ಕಿಗೂ ಇಲ್ಲಿ ನೆರಳಿಲ್ಲ, ನೀನಾದರೂ ಕೂರು.
ಹಾಡಲು ಬಾಯಿಲ್ಲ ನನಗೆ, ಬೇಡಲು ಮಾತಿಲ್ಲ,

ಅಷ್ಟೇ. ನಾಲ್ಕನೆಯ ಸಾಲು ಪುಟದ ತೀರಾ ಕೆಳಗಿತ್ತು. ಸೀಳುವ ಮೊದಲು ಅರವತ್ತೂ ಕಂತೆಗಳನ್ನು ಒಟ್ಟಿಗೆ ಇಟ್ಟು, ಬೆನ್ನಿನ ಅಳತೆಗೆ ಅಂಚು ಕತ್ತರಿಸಿದ್ದ. ಅರವತ್ತರಲ್ಲೂ ಆ ಸಾಲು ಕತ್ತಿಗೆ ಸಿಕ್ಕಿ ಚೂರುಚೂರಾಗಿ ಕಸದ ಜೊತೆ ಹೋಗಿತ್ತು.

ಅವನು ಪಟ್ಟಿಗಳಿದ್ದ ಗಾಜನ್ನು ಹಾಗೇ ಎತ್ತಿಕೊಂಡು ಹೋಗಿ ಮೂರು ಸಾಲು ಓದಿದ. ಹೆಂಡತಿಯ ತೋರುಬೆರಳು ಹೊದಿಕೆಯ ಮೇಲೆ ತಾಳ ಹಾಕುತ್ತಿತ್ತು. ಮೂರನೆಯ ಸಾಲು ಮುಗಿದಮೇಲೂ ಬೆರಳು ಮೇಲೆತ್ತಿಕೊಂಡೇ ಇತ್ತು, ಕಾಯುತ್ತಾ.

"ಮುಂದಿಂದು ಇಲ್ಲ ಕಣೇ" ಎಂದ. "ಇದೊಂದೂ ನನ್ನ ಕೈಲಿ ಆಗ್ಲಿಲ್ಲ."

ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಹೆಡ್‌ಮಾಸ್ಟರು ಒಳಗೆ ಬಂದವರು ಬಿಚ್ಚಿಬಿದ್ದ ಹನ್ನೊಂದು ಪುಸ್ತಕ ನೋಡಿ ಹೊಸ್ತಿಲಲ್ಲೇ ನಿಂತರು.

"ಏನಪ್ಪಾ ಇದು ಅವತಾರ? ನಾಳೆ ಬೆಳಿಗ್ಗೆ ಜನದ ಕೈಗೆ ಏನು ಕೊಡ್ಲಿ ನಾನು?"

"ಒಂದು ಹಾಡು ಹುಡುಕ್ತಿದ್ದೆ ಸರ್. ನೀವು ಕಿತ್ತುಹಾಕು ಅಂದ ಭಾಗದ್ದು."

"ನೋಡು ಗೋಂದಣ್ಣ." ಅವರ ದನಿ ಗಡುಸಾಗಿರಲಿಲ್ಲ, ಸಂಕಟ ಇತ್ತು. "ಮೂರು ವಾರದಿಂದ ಸ್ತೋತ್ರದ ಹೊತ್ತಲ್ಲಿ ಎದ್ದು ನಿಂತ್ಕೋತೀಯ, ಬಾಯಿ ಬಿಡದೆ ಕೂತ್ಕೋತೀಯ. ಒಂದು, ಒಂದೇ ಒಂದು ಉಪಕಾರ ನೆನೆಸಿ ಹೇಳೋಕಾಗಲ್ವಾ? ರಕ್ಷಣೆ ಹೊಂದಿದೋರು ನಾವು. ನಾವೇ ಹೀಗೆ ಅಳ್ತಾ ಕೂತ್ರೆ ದೇವರು ಎಲ್ಲಿಂದ ಗುಣ ಮಾಡ್ತಾನೆ?"

"ಸರ್, ಅವಳಿಗೆ ನೀರು ಇಳೀತಿಲ್ಲ." ಗೋಂದಣ್ಣ ಮೊದಲ ಸಲ ತಲೆಯೆತ್ತಿದ. "ನೀರು ಇಳಿಯಲ್ಲ, ಸ್ತೋತ್ರ ಎಲ್ಲಿಂದ ಏಳುತ್ತೆ? ನನ್ನ ನಂಬಿಕೆ ಸಾಲದೇ ಇವಳು ಹೀಗಾದ್ಲು ಅಂತಾರೆ ಜನ. ಎದುರಿಗೇ ಅಂತಾರೆ. ಶಿಲುಬೆ ಮೇಲೆ ಕರ್ತ 'ನನ್ನನ್ನ ಯಾಕೆ ಕೈಬಿಟ್ಟೆ' ಅಂತ ಕೂಗಿಕೊಂಡ್ನಲ್ಲ ಸರ್, ಅವನ ನಂಬಿಕೇನೂ ಸಾಲದೇ ಬಂತಾ?"

ಒಳಗಿನಿಂದ ಚಮಚದ ಸದ್ದು ಬಂತು. ಗೋಂದಣ್ಣ ಓಡಿದ, ಅವರೂ ಹಿಂದೆಯೇ ಹೋದರು. ಅವಳು ಪಟ್ಟಿಯನ್ನು ಚಾಚಿದಳು: "ಅವರಿಗೆ ಕೂರೋಕೆ ಹೇಳಿ. ನಿಂತ್ರೆ ಪಾಠ ಶುರು ಮಾಡ್ತಾರೆ."

ಅವರು ನಗಲೂ ಆಗದೆ ಸ್ಟೂಲಿನ ಮೇಲೆ ಕೂತರು. ಎದುರಿಗೇ ಗಾಜು ಇತ್ತು. ಕನ್ನಡಕ ಹಾಕಿಕೊಂಡು ಬಗ್ಗಿದರು. ತುಟಿ ಅಲ್ಲಾಡಿತು. ಮೂರು ಸಾಲು ಮುಗಿಯಿತು, ತುಟಿ ನಿಲ್ಲಲಿಲ್ಲ.

"ಏನೂ ಕೇಳೆನು ಇಂದು, ಎದ್ದು ಹೋಗದಿರು."

ಹೊದಿಕೆಯ ಮೇಲೆ ಎತ್ತಿದ್ದ ಬೆರಳು ಕೆಳಗಿಳಿಯಿತು.

"ನಿಮಗೆ ಬಾಯಿಪಾಠ ಇದೆಯಾ?" ಎಂದ ಗೋಂದಣ್ಣ.

ಅವರು ಕನ್ನಡಕ ತೆಗೆದು ಕೈಯಲ್ಲೇ ಹಿಡಿದುಕೊಂಡರು. "ನಮ್ಮ ಮಗಳು ತೀರಿಕೊಂಡ ವರ್ಷ ನನ್ನ ಹೆಂಡತಿ ಇದನ್ನೇ ಹಾಡ್ತಿದ್ಲು. ಅಡುಗೆ ಮಾಡ್ತಾ, ಬಟ್ಟೆ ಮಡಚ್ತಾ, ದಿನಾ. ನನಗೆ ತಡೆಯೋಕೆ ಆಗ್ತಿರಲಿಲ್ಲ. ಸ್ತೋತ್ರ ಹೇಳೋದು ನಿಲ್ಲಿಸಿದ್ರೆ ನಾನು ಬಿದ್ದೇ ಹೋಗ್ತೀನಿ ಅನ್ನೋ ಭಯ. ಅವಳು ಈ ಹಾಡು ಶುರು ಮಾಡಿದ್ರೆ ಸಾಕು..." ಕನ್ನಡಕದ ಕಡ್ಡಿ ಮಡಚಿ ಹೇಳಿದರು: "ಎದ್ದು ಹೊರಗೆ ಹೋಗ್ತಿದ್ದೆ. ಪ್ರತಿ ಸಲಾನೂ. ಈಗ ಅವಳೂ ಇಲ್ಲ."

ಹೊರಗೆ ವ್ಯಾನಿನವನು ಮತ್ತೆ ಹಾರ್ನು ಹೊಡೆದ, ಉದ್ದಕ್ಕೆ. ಹೆಡ್‌ಮಾಸ್ಟರು ಕೂತಲ್ಲಿಂದಲೇ ಕಿಟಕಿಯ ಕಡೆ ತಿರುಗಿ ಕೂಗಿದರು: "ನೀನು ಹೊರಡಪ್ಪ. ಪುಸ್ತಕ ಇನ್ನೂ ಮುಗಿದಿಲ್ಲ!"

ಆಮೇಲೆ ಜೇಬಿನಿಂದ ಪೆನ್ನು ತೆಗೆದರು. "ಪ್ರತಿ ಪುಸ್ತಕದ ಕೊನೇಲಿ ಒಂದು ಖಾಲಿ ಹಾಳೆ ಬಿಡ್ತೀಯಲ್ಲ?"

"ಬಿಟ್ಟಿದ್ದೀನಿ ಸರ್."

"ತಾ ಇಲ್ಲಿ. ನೀನು ಬಿಚ್ಚಿದ್ದನ್ನ ಮತ್ತೆ ಅಂಟಿಸು. ನಾನು ಬರೀತೀನಿ. ಮೇಲುಗಡೆ ಕಾಲದ ಹೆಸರೂ ಬರೀತೀನಿ. ಮೊದಲು ಮುಗಿದಿದ್ದು ಹೊಲಿಗೆ ಅಕ್ಕನ ಮನೆಗೆ ಹೋಗ್ಲಿ. ಅವಳ ಮಗು ಹೋದಾಗ ಅವಳ ಎದುರು ಸ್ತೋತ್ರದ ಬಗ್ಗೆ ಮಾತಾಡಿದೋನು ನಾನೇ."

ಅವರು ಮಂಚದ ಪಕ್ಕದ ಸ್ಟೂಲಿನಲ್ಲೇ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಶಾಲೆಯ ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ಗುಂಡು ಅಕ್ಷರಗಳಲ್ಲಿ ಬರೆಯತೊಡಗಿದರು. ನಾಲ್ಕನೆಯ ಪುಸ್ತಕ ಮುಗಿಯುವಷ್ಟರಲ್ಲಿ ಅವಳು ಪಟ್ಟಿಯೊಂದನ್ನು ಅವರ ಕಡೆ ತಳ್ಳಿದಳು. "ಅರವತ್ತು ಸಲ! ಹೆಡ್‌ಮಾಸ್ಟರಿಗೇ ಇಂಪೊಸಿಷನ್." ಅವರು ಓದಿ ನಕ್ಕರು, ಕಣ್ಣೊರೆಸಿಕೊಂಡರು, ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಗೋಂದಣ್ಣ ಅರ್ಧ ಚಮಚ ನೀರು ಕುಡಿಸಲು ನೋಡಿದ. ಅವಳು ಕೆಮ್ಮಿದಳು, ನೀರು ಕೆನ್ನೆಗುಂಟ ಇಳಿಯಿತು. ಅವನು ಒರೆಸಿದ. ಪೆನ್ನಿನ ಸದ್ದು ನಿಂತಿತು. ಸ್ಟೂಲು ಮಂಚಕ್ಕೆ ಇನ್ನಷ್ಟು ಹತ್ತಿರ ಸರಿಯಿತು. ಮತ್ತೆ ಅರ್ಧ ಚಮಚ ತುಂಬಿ ಮೂವರೂ ಉಸಿರು ಹಿಡಿದು ಕಾದರು.