ಪರ್ವೀನ್ ಅವರ ನೀಲಿ ತಟ್ಟೆ

1999ರ ಚಳಿಗಾಲದಲ್ಲಿ ನನ್ನ ಮಗಳು ಈಶಾ ಇರಾನ್ ಆದಳು.

ಶಾಲೆಯಲ್ಲಿ ಮಕ್ಕಳ ವಿಶ್ವಸಂಸ್ಥೆ ನಡೆಸುತ್ತಿದ್ದರು. ಒಬ್ಬೊಬ್ಬರು ಒಂದೊಂದು ದೇಶದ ಪರವಾಗಿ ಮಾತಾಡಬೇಕು. ಕೆನಡಾ ಸಿಗಲಿ ಎಂದು ಹಾರೈಸಿದ್ದವಳಿಗೆ ಚೀಟಿಯಲ್ಲಿ ಬಂದದ್ದು ಇಸ್ಲಾಮಿಕ್ ರಿಪಬ್ಲಿಕ್ ಆಫ್ ಇರಾನ್.

"ನಂಗೆ ಫ್ರೆಂಡ್ಸೇ ಇಲ್ಲಮ್ಮ," ಎಂದಳು ಊಟಕ್ಕೆ ಕೂತು. "ಅಮೆರಿಕಾ ಮಾತೇ ಆಡಲ್ಲ. ಇರಾಕ್ ಜೊತೆ ಎಯ್ಟ್ ಇಯರ್ಸ್ ವಾರ್. ತಾಲಿಬಾನ್ ಜೊತೆ ಲಾಸ್ಟ್ ಇಯರ್ ಆಲ್‌ಮೋಸ್ಟ್ ಫೈಟ್."

"ಮೊದ್ಲು ಹುಳಿ ಕಲಸ್ಕೋ, ಆಮೇಲೆ ಶಾಂತಿ ಮಾಡ್ಕೊಳ್ಳುವೆಯಂತೆ," ಎಂದರು ನನ್ನ ಗಂಡ ಜಯದೇವ. "ಎದುರು ಮನೇಲೇ ಇರಾನ್ ಇದೆಯಲ್ಲ. ಹೋಗಿ ಪರ್ವೀನ್ ಆಂಟೀನ ಕೇಳು."

ನಾನು ಎದ್ದು ಮಜ್ಜಿಗೆ ತಂದೆ. ಎದುರು ಮನೆಯ ಇರಾನ್ ನನ್ನೊಂದಿಗೆ ಮಾತು ಬಿಟ್ಟು ತಿಂಗಳಾಗಿತ್ತು. ಏಕೆಂದು ನನಗೇ ತಿಳಿದಿರಲಿಲ್ಲ.

ಕೆನಡಾಕ್ಕೆ ಬಂದು ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಈ ಕಟ್ಟಡ ಸೇರಿದಾಗ ನನಗೆ ಮೊದಲು ಸಿಕ್ಕ ಗೆಳತಿ ಪರ್ವೀನ್. ಇಸ್ಫಹಾನ್ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಶನಿವಾರ ಬೆಳಿಗ್ಗೆ ಬೇಸ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಒಟ್ಟಿಗೆ ಬಟ್ಟೆ ಮಡಚುತ್ತಿದ್ದೆವು. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೆ ಪಾರ್ಸಿಯಿಂದ ಕನ್ನಡಕ್ಕೆ ಬಂದ ಜೇಬು, ಮೇಜು, ಬಜಾರು ಎಂದರೆ ಅವರಿಗೂ ಅರ್ಥವಾಗುತ್ತಿತ್ತು. ಉಳಿದದ್ದನ್ನು ಕೈಯಲ್ಲಿ ಹೇಳುತ್ತಿದ್ದೆವು. ಅವರು ಕೇಸರಿ ಅನ್ನ ಕಳಿಸಿದರೆ ಪಾತ್ರೆಯನ್ನು ಖಾಲಿ ಮರಳಿಸಬಾರದೆಂದು ನಾನು ಚಕ್ಕುಲಿ ತುಂಬಿ ಕಳಿಸುತ್ತಿದ್ದೆ. ನನ್ನ ಡಬ್ಬಿಯನ್ನು ಅವರೂ ಖಾಲಿ ಕಳಿಸಿದವರಲ್ಲ.

ಒಂದು ದಿನ ಅವರ ಮನೆಯಲ್ಲಿ ಟೀ ಕುಡಿಯುವಾಗ ಗೋಡೆಯ ಕಪಾಟಿನಲ್ಲಿದ್ದ ಪುಟ್ಟ ತಟ್ಟೆಯನ್ನು ನೋಡಿ ತುಂಬಾ ಚೆನ್ನಾಗಿದೆ ಎಂದೆ. ತಾಮ್ರದ ಮೇಲೆ ನೀಲಿ ಬಳ್ಳಿಗಳ ಮೀನಾಕಾರಿ, ಅಂದರೆ ಎನಾಮಲ್ ಕುಸುರಿ. ಅವರು ತಕ್ಷಣ ಅದನ್ನು ಇಳಿಸಿ, "ನಿಮ್ಮದೇ, ತೆಗೆದುಕೊಳ್ಳಿ," ಎಂದರು. ಮುತ್ತೈದೆ ಮನಸಾರೆ ಕೊಟ್ಟದ್ದನ್ನು ಬೇಡ ಅನ್ನಬಾರದೆಂದು ನನ್ನತ್ತೆ ಕಲಿಸಿದ್ದರು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಮನೆಗೆ ಬಂದು ದೇವರ ಮುಂದಿಟ್ಟು ಅರಿಶಿನ ಕುಂಕುಮ ತುಂಬಿದೆ.

ಆಮೇಲೆ ಪರ್ವೀನ್ ಬಟ್ಟೆ ಒಗೆಯುವುದನ್ನು ಬುಧವಾರಕ್ಕೆ ಬದಲಾಯಿಸಿಕೊಂಡರು. ಲಿಫ್ಟಿನಲ್ಲಿ ಸಿಕ್ಕರೆ "ಬಹಳ ಚಳಿ" ಎನ್ನುವರು. ನಾನೂ "ಹೌದು, ಬಹಳ" ಎನ್ನುವೆ. ಏಳು ಮಹಡಿ ಇಳಿಯುವಷ್ಟು ಹೊತ್ತೂ ಅಷ್ಟೇ ಮಾತು.

ಈಶಾ ಎದುರು ಮನೆಗೆ ಹೋಗುವ ಬದಲು ಲೈಬ್ರರಿಗೆ ಹೋದಳು. ಮರುದಿನ ಸಂಜೆ ನಾನು ಬಟಾಣಿ ಸುಲಿಯುತ್ತಿದ್ದಾಗ ಪುಸ್ತಕ ಹಿಡಿದು ಬಂದಳು.

"ಅಮ್ಮ, ಫನ್ನಿ ಗೊತ್ತಾ. ಇರಾನಲ್ಲಿ ಏನಾದ್ರೂ ಚೆನ್ನಾಗಿದೆ ಅಂದ್ರೆ, ಟೇಕ್ ಇಟ್, ನಿಮ್ದೇ ಅಂತಾರಂತೆ. ಅದು ಬರೀ ಮರ್ಯಾದೆಗೆ. ನಾವು ಮೂರು ಸಲ ನೋ ಅನ್ಬೇಕು. ಅದಾದ್ಮೇಲೂ ಕೊಟ್ರೆ ಮಾತ್ರ ನಿಜ."

ನನ್ನ ಕೈಯಲ್ಲಿದ್ದ ಬಟಾಣಿ ಸ್ಟೋವಿನ ಕೆಳಗೆ ಉರುಳಿತು. ದೇವರ ಗೂಡಿನ ಕಡೆ ನೋಡಿದೆ. ಮಗಳೂ ನೋಡಿದಳು.

"ಅಮ್ಮ," ಎಂದಳು ಮೆಲ್ಲಗೆ. "ನೀನು ಎಷ್ಟು ಸಲ ನೋ ಅಂದೆ?"

"ಕಣ್ಣಿಗೊತ್ತಿಕೊಂಡೆ ಕಣೇ."

ಜಯದೇವ ಆಫೀಸಿನಿಂದ ಬಂದು ಕೇಳಿ ಹೊಟ್ಟೆ ಹಿಡಿದು ನಕ್ಕರು. "ವಾಪಸ್ ಕೊಟ್ಟು ಸಾರಿ ಅಂದ್ಬಿಡು ರಜನಿ. ಅದಕ್ಕೇನು?"

"ಅದು ಹೆಂಗ್ರೀ ಆಗತ್ತೆ? ಕೊಟ್ಟಿದ್ದನ್ನ ವಾಪಸ್ ಕೊಟ್ರೆ ಮುಖಕ್ಕೆ ಎಸೆದ ಹಾಗೆ. ನೀವು ಸುಳ್ಳು ಸುಳ್ಳೇ ಕೊಟ್ರಿ ಅಂತ ಹೇಳಿದ ಹಾಗೆ. ಆಮೇಲೆ ಚಳಿ ಅನ್ನೋ ಮಾತೂ ಇರಲ್ಲ."

"ಹಾಗಾದ್ರೆ ನಾನು ಸ್ವಿಟ್ಜರ್ಲೆಂಡ್ ಆಗ್ತೀನಿ," ಎಂದಳು ಈಶಾ. "ಅಮೆರಿಕಾಗೂ ಇರಾನ್‌ಗೂ ಮಾತಿಲ್ವಲ್ಲ, ಟೆಹರಾನಲ್ಲಿ ಸ್ವಿಸ್ ಎಂಬಸಿಯವ್ರು ಮೆಸೇಜ್ ತಲುಪಿಸ್ತಾರೆ. ನೀನು ಮೆಸೇಜ್ ರೆಡಿ ಮಾಡು."

ಪಾತ್ರೆ ತೊಳೆಯುತ್ತ ಯೋಚಿಸಿದೆ. ಉಡುಗೊರೆಯನ್ನು ಮರಳಿಸುವಂತಿಲ್ಲ, ನಿಜ. ಆದರೆ ಪಾತ್ರೆಯನ್ನು ಮರಳಿಸಬಹುದಲ್ಲ. ತಟ್ಟೆಯಲ್ಲಿ ತಿಂಡಿಯಿದ್ದರೆ ಅದು ಉಡುಗೊರೆಯಲ್ಲ, ಬಂದ ಪಾತ್ರೆ.

ಮರುದಿನ ಅರಿಶಿನದ ಕಲೆಯನ್ನು ನಿಂಬೆಹಣ್ಣಿನ ಸಿಪ್ಪೆಯಿಂದ ಮೆತ್ತಗೆ ತೆಗೆದೆ. ಬಳ್ಳಿಗಳ ನೀಲಿ ಮತ್ತೆ ಮೇಲೆ ಬಂತು. ಏಲಕ್ಕಿ ಹಾಕಿ ಕೊಬ್ಬರಿ ಮಿಠಾಯಿ ಮಾಡಿ ತಟ್ಟೆಯ ಮೇಲೆ ಗೋಪುರದಂತೆ ಜೋಡಿಸಿದೆ. ಸ್ವಿಟ್ಜರ್ಲೆಂಡ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಹೊರಟಿತು.

ಎದುರಿನ ಬಾಗಿಲು ತೆರೆದದ್ದು, ಮುಚ್ಚಿದ್ದು ಕೇಳಿಸಿತು. ನಾನು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಅನ್ನ ಆಯಿತು, ಸಾರು ಆಯಿತು, ಮಗಳು ಬರಲಿಲ್ಲ. ಕತ್ತಲಾದ ಮೇಲೆ ಬಂದಳು. ಕೈ ಖಾಲಿ, ಹೊಟ್ಟೆ ತುಂಬಿದ ಮುಖ.

"ಏನಂದ್ರು?"

"ಈ ತಟ್ಟೆ ನಿಮ್ಮಮ್ಮಂದು ಅಂದ್ರು. ಇಲ್ಲ ಆಂಟಿ, ನಮ್ಮನೇಲಿ ಪಾತ್ರೆ ಖಾಲಿ ಕಳಿಸಲ್ಲ, ತುಂಬೋಕೆ ಇಷ್ಟು ದಿನ ಆಯ್ತು, ಅಮ್ಮ ಸ್ಲೋ ಅಂದೆ."

"ನನ್ನನ್ನ ಸ್ಲೋ ಅಂದ್ಯಾ?"

"ಡಿಪ್ಲೊಮಸಿ ಅಮ್ಮ. ಅವ್ರು ತಟ್ಟೇನ ಸುಮ್ನೆ ನೋಡ್ತಾ ಇದ್ರು. ಅದು ಅವ್ರ ಅಮ್ಮಂದಂತೆ. ಆಮೇಲೆ, ಯಾಕೆ ನಿಂತಿದ್ದೀಯ ಬಾ ಅಂದ್ರು. ನಾನು ಇರಾನ್, ಹೆಲ್ಪ್ ಬೇಕು ಅಂದೆ. ನಗು ನಿಲ್ಲಲೇ ಇಲ್ಲ ಅವ್ರಿಗೆ."

ನನ್ನ ಮಿಠಾಯಿಯಲ್ಲೇ ಪರ್ವೀನ್ ಮೇಜಿನ ಮೇಲೆ ನಕಾಶೆ ಮಾಡಿ ತೋರಿಸಿದರಂತೆ. ಮಧ್ಯೆ ಇರಾನ್, ಆ ಕಡೆ ಪಾಕಿಸ್ತಾನ, ಅಫ್ಘಾನಿಸ್ತಾನ, ಈ ಕಡೆ ಟರ್ಕಿ. ಇರಾಕಿಗೆ ಎಲ್ಲಕ್ಕಿಂತ ದೊಡ್ಡ ತುಂಡು ಇಟ್ಟರಂತೆ. ಅವರ ತಮ್ಮ ಆ ಯುದ್ಧದಲ್ಲಿ ಕಾಲಿಗೆ ಗುಂಡು ತಿಂದವನು. ಯಾಕೆ ದೊಡ್ಡದು ಎಂದು ಇವಳು ಕೇಳಿದ್ದಕ್ಕೆ, "ಪಕ್ಕದ ಮನೆ ಎದ್ದು ಬೇರೆ ಕಡೆ ಹೋಗುವುದಿಲ್ಲವಲ್ಲ ಮಗು," ಎಂದರಂತೆ.

"ಆಮೇಲೆ?"

"ಆಮೇಲೆ ಎಲ್ಲಾ ದೇಶಾನೂ ತಿಂದ್ವಿ."

ಶನಿವಾರ ಬೆಳಿಗ್ಗೆ ಬಟ್ಟೆ ಬುಟ್ಟಿ ಹೊತ್ತು ಬೇಸ್‌ಮೆಂಟಿಗೆ ಇಳಿದೆ. ಪರ್ವೀನ್ ಆಗಲೇ ಬಂದು, ಪಕ್ಕದ ಮೆಷಿನ್ನಿನ ಮೇಲೆ ತಮ್ಮ ಟವೆಲ್ ಹಾಸಿ ನನಗೆಂದು ಹಿಡಿದಿಟ್ಟಿದ್ದರು. ಟವೆಲ್ ಮೇಲೆ ನೀಲಿ ತಟ್ಟೆ, ಅದರ ತುಂಬ ಪಿಸ್ತಾ ಹಾಕಿದ ಬಿಳಿ ಮಿಠಾಯಿ.

"ತಿನ್ನಿ," ಎಂದರು. "ತಟ್ಟೆಯೂ ನಿಮ್ಮದೇ. ತೆಗೆದುಕೊಳ್ಳಿ."

"ಇಲ್ಲ, ಇಲ್ಲ," ಎಂದೆ.

"ದಯವಿಟ್ಟು. ನಿಮ್ಮ ಮುಂದೆ ಇದು ಏನೂ ಅಲ್ಲ."

"ಬೇಡ, ಬೇಡ. ನಿಮ್ಮ ಮನೆಯಲ್ಲೇ ಚೆಂದ."

"ನನ್ನ ಮೇಲಾಣೆ, ತೆಗೆದುಕೊಳ್ಳಿ."

"ಆಗೋದೇ ಇಲ್ಲ," ಎಂದೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಪರ್ವೀನ್ ನನ್ನ ಮುಖ ನೋಡಿದರು. ನಾನು ನಾಲ್ಕನೆಯ ಮಾತಿಗೆ ಕಾದೆ. ಅದು ಬರಲಿಲ್ಲ. ಅವರ ತುಟಿಯಂಚಿನಲ್ಲಿ ಮೊದಲು ನಗು ಬಂತು, ಆಮೇಲೆ ನನಗೂ ತಡೆಯಲಾಗಲಿಲ್ಲ. ಮಿಠಾಯಿಗಳನ್ನು ನನ್ನ ಸೆರಗಿಗೆ ಸುರಿದು, ತಟ್ಟೆಯನ್ನು ಒರೆಸಿ ತಮ್ಮ ಬುಟ್ಟಿಯ ತಳಕ್ಕೆ ಸೇರಿಸಿಕೊಂಡರು.

"ಬನ್ನಿ, ಆ ತುದಿ ಹಿಡಿಯಿರಿ," ಎಂದರು, ಬೆಚ್ಚಗಿನ ಬೆಡ್‌ಶೀಟನ್ನು ಡ್ರೈಯರಿನಿಂದ ಎಳೆಯುತ್ತ.